ರಿಯಾಳ ಕೈಗುಣ

ಆ ಭತ್ತದ ಪೈರನ್ನು ಸಾಯಿಸಿದವಳು ನಾನು. ನನ್ನ ಮಗಳು ರಿಯಾ ಅಲ್ಲ. ಇಷ್ಟು ವರ್ಷ ನಮ್ಮ ಕುಟುಂಬದವರೆಲ್ಲ ಅದು ಅವಳ ಕೈಯಿಂದಲೇ ಆದದ್ದೆಂದು ನಂಬಿದ್ದರು, ಅವಳೂ ಹಾಗೇ ನಂಬಿದ್ದಳು — ನಂಬಲಿ ಎಂದು ಸುಮ್ಮನಿದ್ದವಳು ನಾನು. ಆಗ ಅವಳಿಗೆ ಆರು ವರ್ಷ. ಚಿಕ್ಕವಳು, ಮರೆತುಬಿಡುತ್ತಾಳೆ ಎಂದುಕೊಂಡಿದ್ದೆ... ಇಲ್ಲ, ಇದೂ ಸುಳ್ಳು. ಅವಳು ಮರೆಯುತ್ತಾಳೋ ಇಲ್ಲವೋ ಎಂದು ನಾನು ಯೋಚನೆಯನ್ನೇ ಮಾಡಿರಲಿಲ್ಲ.

ಕಾರಣ ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಮರ್ಯಾದೆಯ ಹೆಸರು ಹುಡುಕಿ ನೋಡಿದ್ದೇನೆ — ಕೆಲಸದ ಸುಸ್ತು, ಊರಿನ ನೆನಪು, ದೋಹಾದ ಸೆಖೆ. ಯಾವುದೂ ಅಲ್ಲ. ನನ್ನ ಓರಗಿತ್ತಿ ಲವೀನಾ, ನನ್ನ ಮೈದುನ ಐವನ್‌ನ ಹೆಂಡತಿ, ಅವಳನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಜಗಳ ಒಮ್ಮೆಯೂ ಆಡಿದ್ದಿಲ್ಲ. ಅವಳು ನನ್ನನ್ನು ಅಕ್ಕ ಎಂದೇ ಕರೆಯುತ್ತಾಳೆ, ನನಗಿಂತ ಕಿರಿಯಳು, ನನ್ನಷ್ಟು ಮಾತಿಲ್ಲ, ನನ್ನಷ್ಟು ಸಂಬಳವೂ ಇರಲಿಲ್ಲ. ಆದರೂ ಅವಳು ಬಂದು ಸೋಫಾದ ತುದಿಯಲ್ಲಿ ಕೂತರೆ ಸಾಕು, ಮನೆಯ ಮಕ್ಕಳೆಲ್ಲ ಅವಳ ಸುತ್ತ ಸೇರಿಬಿಡುತ್ತಿದ್ದರು. ನಾನು ಟ್ರೇ ಹಿಡಿದು ನಿಂತಿರುತ್ತಿದ್ದೆ.

ನಾವು ಮಂಗಳೂರು ಕಡೆಯ ಕ್ರೈಸ್ತರು, ಮನೆಯಲ್ಲಿ ಕೊಂಕಣಿ ಆಡುವವರು. ನಮಗೆ ಸೆಪ್ಟೆಂಬರಿನ ಮೊಂತಿ ಹಬ್ಬ ಕ್ರಿಸ್ಮಸ್‌ನಷ್ಟೇ ದೊಡ್ಡದು. ಅದು ಯೇಸುವಿನ ತಾಯಿ ಮರಿಯಮ್ಮನವರ ಹುಟ್ಟುಹಬ್ಬ, ಹೊಸ ತೆನೆಯ ಹಬ್ಬವೂ ಹೌದು. ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಮಾತೆಗೆ ಹೂ ಹಾಕುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ಪಾದ್ರಿಗಳು ಆಶೀರ್ವದಿಸಿದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು ಜಜ್ಜಿ ಪಾಯಸಕ್ಕೆ ಹಾಕಿ, ಮನೆಮಂದಿಯೆಲ್ಲ ಹಂಚಿಕೊಳ್ಳಬೇಕು. ಆವತ್ತು ಮೀನು, ಮಾಂಸ ಇಲ್ಲ. ಪರದೇಶದಲ್ಲಿರುವವರಿಗೆ ತೆನೆಯನ್ನು ಲಕೋಟೆಯಲ್ಲಿ ಹಾಕಿ ಕಳುಹಿಸುತ್ತಾರೆ. ನಮ್ಮ ಅತ್ತೆಯೂ ಪ್ರತಿ ವರ್ಷ ಎರಡು ಲಕೋಟೆ ಕಳುಹಿಸುತ್ತಿದ್ದರು — ದೋಹಾದ ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲಾಟಿಗೆ ಒಂದು, ಅಲ್ಲಿಂದ ಗಂಟೆಯ ದಾರಿಯ ದುಖಾನಿನಲ್ಲಿ ಕಂಪೆನಿ ಕ್ವಾರ್ಟರ್ಸಿನಲ್ಲಿದ್ದ ಐವನ್‌ಗೆ ಒಂದು.

ಹಬ್ಬ ನನ್ನ ಮನೆಯಲ್ಲೇ ಆಗಬೇಕು ಎಂಬುದು ನನ್ನ ಹಟ. ನಾನು ಹಿರಿಯ ಸೊಸೆ. ಗೋಡೆಗೆ ಬಣ್ಣದ ಬ್ಯಾಕ್‌ಡ್ರಾಪ್, ಬಲೂನಿನ ಕಮಾನು, ಮಕ್ಕಳಿಗೆಲ್ಲ ಒಂದೇ ನಮೂನೆಯ ಬಟ್ಟೆ, ಹೋಟೆಲಿನಿಂದ ತರಿಸಿದ ಸಾಲು ಸಾಲು ಪಲ್ಯಗಳು. ಹೂವೂ ಪ್ಯಾಕೆಟಿನಲ್ಲೇ ಬರುತ್ತಿತ್ತು. ನನ್ನ ಗಂಡ ವಿಲ್ಸನ್ ಒಮ್ಮೆ, "ಪಾಪ ಮಕ್ಕಳು, ಅವಕ್ಕೆ ಹಸಿವಾಗಿದೆ ಮಾರಾಯ್ತಿ, ಇನ್ನೆಷ್ಟು ಫೋಟೋ?" ಎಂದಾಗ ನಾನು ಎರಡು ದಿನ ಮಾತು ಬಿಟ್ಟಿದ್ದೆ.

ಒಂದು ವರ್ಷ ನಮ್ಮ ಕಟ್ಟಡದ ಎಸಿ ಕೆಟ್ಟುಹೋಗಿ, ಬೇರೆ ದಾರಿಯಿಲ್ಲದೆ ಹಬ್ಬಕ್ಕೆ ದುಖಾನಿಗೆ ಹೋದೆವು. ಲವೀನಾ ಮಾಡಿದ್ದು ಮೂರೇ ಅಡುಗೆ. ಬಲೂನಿಲ್ಲ, ಹೊಸ ಬಟ್ಟೆಯಿಲ್ಲ. ಅವಳ ಮಗ ಜೇಡನ್ ಮತ್ತು ರಿಯಾ ಬೆಳಿಗ್ಗೆಯೇ ಕಾಂಪೌಂಡಿನ ಬಳ್ಳಿಯಿಂದ ಕಾಗದದ ಹೂ ಕೊಯ್ದು ತಂದಿದ್ದರು. ಅವಳು ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ, ಅತ್ತೆ ಕಳುಹಿಸಿದ ತೆನೆಯನ್ನು ಅವರ ಕೈಗೇ ಕೊಟ್ಟುಬಿಟ್ಟಳು. ಒಂದೊಂದು ಕಾಳು ಸುಲಿಯುವಾಗಲೂ ಒಬ್ಬರ ಹೆಸರು ಹೇಳಬೇಕು, ಯಾರಿಗೆ ಥ್ಯಾಂಕ್ಸ್ ಹೇಳಲು ಮನಸ್ಸಿದೆಯೋ ಅವರದು. ಊರಿನ ಅಜ್ಜಿಗೆ ಒಂದು. ಸ್ಕೂಲ್ ಬಸ್ಸಿನ ಅಂಕಲ್‌ಗೆ ಒಂದು. ರಿಯಾ ಉಗುರಿನಿಂದ ಕಾಳನ್ನು ಬಿಡಿಸುತ್ತ, ನಾಲಗೆ ಹೊರಗೆ ಹಾಕಿಕೊಂಡು, ಯೋಚಿಸಿ ಯೋಚಿಸಿ ಹೆಸರು ಹೇಳುತ್ತಿದ್ದಳು. ನನ್ನ ಹೆಸರು ಬರಲಿ ಎಂದು ನಾನು ಕಾದೆ. ಬಂತು — ಲವೀನಾಳದು ಬಂದ ಮೇಲೆ.

ವಾಪಸು ಬರುವಾಗ ಕಾರಿನ ಹಿಂದಿನ ಸೀಟಿನಿಂದ ಅವಳು ಹೇಳಿದ ಮಾತು ನನಗೆ ಇವತ್ತಿಗೂ ಬಾಯಿಪಾಠ. "ಮಮ್ಮಿ, ನಮ್ಮ ಮನೇಲಿ ಪಾರ್ಟಿ. ಲವೀನಾ ಆಂಟಿ ಮನೇಲಿ ಹಬ್ಬ." ವಿಲ್ಸನ್ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಮಗು ಹೇಳಿದ್ದು ಸರಿಯಾಗಿಯೇ ಇತ್ತು, ಉರಿದದ್ದು ಅದಕ್ಕೇ. ಲವೀನಾಳ ಹಬ್ಬದಲ್ಲಿ ಮಕ್ಕಳಿಗೆ ಕೆಲಸವಿತ್ತು. ನನ್ನ ಹಬ್ಬದಲ್ಲಿ ಮಕ್ಕಳಿಗೆ ನಿಲ್ಲುವ ಜಾಗವಿತ್ತು, ಬ್ಯಾಕ್‌ಡ್ರಾಪಿನ ಮುಂದೆ. ಇದು ಆಗಲೇ ಹೊಳೆದಿತ್ತು, ಹೊಳೆಯಲಿಲ್ಲ ಎಂದು ಹೇಳಲಾರೆ.

ಆ ತೆನೆಯಲ್ಲಿ ಬಲಿತ ನಾಲ್ಕಾರು ಕಾಳುಗಳನ್ನು ಲವೀನಾ ತೆಗೆದಿಟ್ಟಿದ್ದಳಂತೆ. ಮುಂದಿನ ಬೇಸಿಗೆಗೆ ಮೊದಲು ಜೇಡನ್‌ನ ಹಳೆಯ ಸ್ನಾನದ ಟಬ್ಬಿಗೆ ಮಣ್ಣು ತುಂಬಿ ಇಬ್ಬರು ಮಕ್ಕಳ ಕೈಯಿಂದ ಬಿತ್ತಿಸಿದಳು. ಈ ಮರಳುಗಾಡಿನಲ್ಲಿ ಭತ್ತವೇ ಎಂದು ನಾನು ತಮಾಷೆ ಮಾಡಿದೆ. ಬಂತು — ಹಸಿರು ಹಸಿರಾಗಿ, ತಮಾಷೆ ಮಾಡಿದವಳ ಮುಖಕ್ಕೆ ಹೊಡೆದಂತೆ ಬಂತು. ಜುಲೈಯಲ್ಲಿ ಅವರು ರಜೆಗೆ ಊರಿಗೆ ಹೊರಟಾಗ ಟಬ್ಬು ನಮ್ಮ ಮನೆಯ ಕಿಟಕಿಯ ಬಳಿಗೆ ಬಂತು. "ನೀರು ಆರ್ಲಿಕ್ಕೆ ಬಿಡ್ಬೇಡಿ ಅಕ್ಕ, ಅಷ್ಟೇ. ರಿಯಾ ನೋಡಿಕೊಳ್ತಾಳೆ," ಎಂದಳು.

ರಿಯಾ ನೋಡಿಕೊಂಡಳು. ಎದ್ದ ಕೂಡಲೇ ಮಗ್ಗಿನಲ್ಲಿ ನೀರು ತಂದು, ಟಬ್ಬಿನಲ್ಲಿ ನೀರು ನಿಲ್ಲುವವರೆಗೆ ಹೊಯ್ಯುತ್ತಿದ್ದಳು. ಆಮೇಲೆ ಪೈರಿನೊಂದಿಗೆ ಅದೇನೋ ಮಾತು. ಆ ಬೇಸಿಗೆಯಲ್ಲಿ ಅವಳಿಗೆ ನಾನು ಬೇಕೇ ಇರಲಿಲ್ಲ. ಒಂದು ದಿನ ವಿಡಿಯೋ ಕಾಲಿನಲ್ಲಿ ಪೈರನ್ನು ನೋಡಿ ಲವೀನಾ ಕೂಗಿದಳು, "ಅಯ್ಯೋ, ಹೊಡೆ ಬಂದಿದೆ! ಇನ್ನು ತೆನೆ ಬರ್ತದೆ ಮಕ್ಕಳೇ, ಹಬ್ಬಕ್ಕೆ ಸರಿಯಾಗಿ." ವಿಲ್ಸನ್ ನನ್ನ ಪಕ್ಕದಲ್ಲೇ ನಿಂತು, "ಲವೀನಾಳ ಕೈಗುಣ ನೋಡು. ಈ ಸಲ ಎಲ್ಲರೂ ದುಖಾನಿಗೇ ಹೋಗುವ," ಎಂದರು. ರಿಯಾ ಕುಣಿದಳು.

ಮರುದಿನ ಮಧ್ಯಾಹ್ನ ಕುಚ್ಚಲಕ್ಕಿ ಅನ್ನ ಬಸಿದೆ. ರಿಯಾ ಮಲಗಿದ್ದಳು. ಕುದಿಯುವ ಗಂಜಿತಿಳಿಯ ಪಾತ್ರೆ ಕೈಯಲ್ಲಿತ್ತು. ಸಿಂಕಿಗೆ ಹೋಗಬೇಕಾದ ಕಾಲು ಕಿಟಕಿಯ ಕಡೆಗೆ ಹೋಯಿತು — ಹಾಗೆ ಬರೆದರೆ ಕಾಲು ತಾನಾಗಿ ಹೋದಂತೆ ಆಯಿತು. ನಾನು ಹೋದೆ. ಬುಡಕ್ಕೆ ಬಿಸಿ ತಿಳಿ ಹೊಯ್ಯಬಾರದೆಂದು ನಮ್ಮಲ್ಲಿ ಯಾವ ಹೆಂಗಸಿಗೆ ಗೊತ್ತಿಲ್ಲ? ಹೊಯ್ದೆ. ಹಬೆ ಮುಖಕ್ಕೆ ಬಂತು. ಮಾರನೆಯ ದಿನವೂ ಹೊಯ್ದೆ, ಮೊದಲನೆಯದು ಸಾಕಾಗದಿದ್ದರೆ ಎಂದು.

ಪೈರು ಹಳದಿಯಾಗಿ ಬಾಗಿತು. ರಿಯಾ ಅಳುತ್ತ ಇನ್ನಷ್ಟು ನೀರು ತಂದು ಹೊಯ್ದಳು. ಲವೀನಾ ಫೋನ್ ಮಾಡಿದಾಗ ನಾನು ಅಂದೆ, "ರಿಯಾ ನೀರು ಹೊಯ್ದು ಹೊಯ್ದು ಕೊಳೆಯಿಸಿಬಿಟ್ಟಿದ್ದಾಳೆ. ಮಕ್ಕಳಲ್ವಾ, ಎಂತ ಮಾಡುವುದು." "ನೀರು ಜಾಸ್ತಿಯಾಗಿಯಾ?" ಎಂದು ಅವಳು ತಿರುಗಿ ಕೇಳಿದಳು, ನಾನು ಹೌದೆಂದೆ. ಆಮೇಲೆ, "ಹೌದಾ... ಇರ್ಲಿ ಬಿಡಿ ಅಕ್ಕ. ಅವಳಿಗೆ ಬೈಬೇಡಿ," ಎಂದಳು. ತಿರುಗಿ ನೋಡಿದರೆ ರಿಯಾ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿದ್ದ ಮಗ್ಗನ್ನು ನೆಲದ ಮೇಲಿಟ್ಟಳು.

ಸುದ್ದಿ ಊರಿಗೂ ಹೋಯಿತು. ಅತ್ತೆ ಸ್ಪೀಕರಿನಲ್ಲಿ ನಗುತ್ತ, "ನಮ್ಮ ರಿಯಾಳ ಕೈಗುಣ ಸ್ವಲ್ಪ ಕಷ್ಟ ಅಂತ ಕಾಣ್ತದೆ," ಎಂದರು. ಕೆಟ್ಟ ಮನಸ್ಸಿನಿಂದಲ್ಲ, ಮುದ್ದಿನಿಂದ. ಆದರೆ ಅದು ಅವಳಿಗೆ ಅಂಟಿಕೊಂಡಿತು. ಮೊಸರು ಹೆಪ್ಪಾಗದಿದ್ದರೆ ರಿಯಾಳ ಕೈಗುಣ. ಮೇಣದಬತ್ತಿ ಆರಿದರೆ ರಿಯಾಳ ಕೈಗುಣ. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಒಂದೇ ಮಾತಿನಲ್ಲಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಆ ಸೆಪ್ಟೆಂಬರಿನಲ್ಲಿ ಹಬ್ಬ ಮತ್ತೆ ನನ್ನ ಮನೆಗೆ ಬಂತು. ಲವೀನಾ ಊರಿನಿಂದ ಬಂದ ತೆನೆಯನ್ನು ಮಕ್ಕಳ ಕಡೆಗೆ ಚಾಚಿದಳು. ಜೇಡನ್ ತೆಗೆದುಕೊಂಡ. ರಿಯಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, "ನಾನು ಬೇಡ ಆಂಟಿ," ಎಂದು ನನ್ನ ಬಳಿಗೆ ಬಂದಳು. ನನ್ನ ಸೀರೆಗೆ ಒತ್ತಿಕೊಂಡು ನಿಂತಳು. ಆಗ ನನಗೆ ಏನನಿಸಿತು ಎಂಬುದನ್ನೂ ಹೇಳಿಬಿಡುತ್ತೇನೆ — ಗೆದ್ದೆ ಅನಿಸಿತು. ಮಗಳು ನನ್ನ ಕಡೆಗೆ ಬಂದಳಲ್ಲ ಎಂದು ಖುಷಿಯಾಯಿತು. ಎಂಥ ಖುಷಿ ಅದು!

ಆಮೇಲೆ ಎಷ್ಟೋ ವರ್ಷ ಲವೀನಾ ಭತ್ತ ಬಿತ್ತಲಿಲ್ಲ. ನಾನು ಬಲೂನು ಕಟ್ಟುತ್ತ ಹೋದೆ. ರಿಯಾ ಬೆಳೆದಳು, ಜಾಣೆ, ಶಾಂತ ಹುಡುಗಿ. ಹಿಟ್ಟು ಕಲಸಲು ಕರೆದರೆ ಬರುವುದಿಲ್ಲ. ಯಾರದಾದರೂ ಹಸುಗೂಸನ್ನು ತೊಡೆಯ ಮೇಲಿಡಲು ಹೋದರೆ ಎದ್ದು ನಿಲ್ಲುತ್ತಾಳೆ. ಸ್ವಭಾವ ಎಂದುಕೊಂಡಿದ್ದೆವು.

ಈ ವರ್ಷ ಈಸ್ಟರ್ ಕಳೆದ ಮೇಲೆ ದುಖಾನಿಗೆ ಹೋಗಿದ್ದೆವು. ಲವೀನಾಳ ಕಿರಿಯವಳು ನೀಶಾಗೆ ಈಗ ನಾಲ್ಕು ವರ್ಷ. ಅವಳಿಗಾಗಿ ಮತ್ತೆ ಟಬ್ಬಿಗೆ ಮಣ್ಣು ತುಂಬಿದ್ದರು. "ರಿಯಾ, ನೀನು ಬಾ, ಇವಳ ಕೈ ಹಿಡಿದು ಬಿತ್ತಿಸು," ಎಂದು ಲವೀನಾ ಕರೆದಳು.

ಹದಿಮೂರರ ನನ್ನ ಮಗಳು ನಕ್ಕಳು. "ಬೇಡ ಆಂಟಿ. ನನ್ನ ಕೈ ತಾಗಿದ್ರೆ ಸತ್ತೋಗುತ್ತೆ. ನಾನು ಫೋಟೋ ತೆಗೀತೀನಿ."

ಲವೀನಾ ಕೈಯ ಮಣ್ಣು ಒರೆಸಿಕೊಂಡಳು. "ನೀರು ಜಾಸ್ತಿಯಾಗಿ ಭತ್ತ ಸಾಯುವುದಿಲ್ಲ ಮಗಾ. ಅದು ನೀರಲ್ಲೇ ನಿಲ್ಲುವಂಥದ್ದು. ನೀನು ಸರಿಯಾಗಿಯೇ ಮಾಡಿದ್ದಿ."

ನಾನು ಮಂಗಳೂರು ಪೇಟೆಯಲ್ಲಿ ಹುಟ್ಟಿದವಳು, ಅಕ್ಕಿಯನ್ನು ಚೀಲದಲ್ಲಿ ನೋಡಿ ಬೆಳೆದವಳು. ಗದ್ದೆಯನ್ನು ಬಸ್ಸಿನ ಕಿಟಕಿಯಿಂದ ಎಷ್ಟು ಸಲ ನೋಡಿಲ್ಲ, ಪೈರು ಮೊಣಕಾಲುದ್ದ ನೀರಿನಲ್ಲಿ ನಿಂತಿರುವುದನ್ನು? ಆದರೂ ಸುಳ್ಳು ಹೇಳುವಾಗ ಅದು ತಲೆಗೆ ಬಂದಿರಲಿಲ್ಲ. ಲವೀನಾ ಬೇಸಾಯದ ಮನೆಯವಳು. ಫೋನಿನಲ್ಲಿ ನಾನು ಆ ಮಾತು ಆಡಿದ ಗಳಿಗೆಯಲ್ಲೇ ಅವಳಿಗೆ ಗೊತ್ತಾಗಿತ್ತು, ನಾನು ಸುಳ್ಳು ಹೇಳುತ್ತಿದ್ದೇನೆಂದು. ಗೊತ್ತಿದ್ದೂ ಅಕ್ಕ ಎಂದೇ ಕರೆದಿದ್ದಳು.

"ಮತ್ತೆ ಹೇಗೆ ಸತ್ತೋಯ್ತು ಆಂಟಿ?" ರಿಯಾ ಕೇಳಿದಳು.

ಲವೀನಾ ನನ್ನ ಕಡೆ ನೋಡಲಿಲ್ಲ. "ಸೆಖೆ ಇರ್ಬೇಕು," ಎಂದಳು.

ನನಗೆ ಮೊದಲು ಬಂದದ್ದು ನಾಚಿಕೆಯೂ ಅಲ್ಲ, ಕೃತಜ್ಞತೆಯೂ ಅಲ್ಲ. ಅದೇ ಹೊಟ್ಟೆಕಿಚ್ಚು. ನನ್ನ ಮಗಳಿಗೆ ಸಮಾಧಾನ ಹೇಳುವ ಮಾತೂ ಇವಳ ಬಾಯಲ್ಲೇ ಇತ್ತಲ್ಲ, ನನ್ನ ಮರ್ಯಾದೆ ಉಳಿಸುವ ದೊಡ್ಡತನವೂ ಇವಳದ್ದೇ ಆಯಿತಲ್ಲ — ಎಂದು. ನಾಚಿಕೆ ಆಮೇಲೆ ಬಂತು, ಕಾರು ಹೊರಟ ಮೇಲೆ.

ದುಖಾನಿನಿಂದ ದೋಹಾಕ್ಕೆ ಉದ್ದ ರಸ್ತೆ. ವಿಲ್ಸನ್ ಗಾಡಿ ಓಡಿಸುತ್ತಿದ್ದರು. ನಾನು ಹಿಂದೆ ತಿರುಗಿ, "ರಿಯಾ, ಆ ಭತ್ತ ಸೆಖೆಗೆ ಸಾಯಲಿಲ್ಲ. ನಾನು ಬಿಸಿ ತಿಳಿ ಹೊಯ್ದೆ," ಎಂದೆ. ಅವಳು ಕಿವಿಯಿಂದ ಇಯರ್‌ಫೋನ್ ತೆಗೆದಳು. ಇನ್ನೊಮ್ಮೆ ಹೇಳಬೇಕಾಯಿತು. ಎರಡನೆಯ ಸಲ ಹೇಳುವುದು ಮೊದಲನೆಯದಕ್ಕಿಂತ ಕಷ್ಟವಾಗಿತ್ತು.

"ಯಾಕೆ?"

"ನಿನಗೆ ಅವರ ಮನೆ ಹಬ್ಬ ಇಷ್ಟವಾಗಿತ್ತು. ಅದಕ್ಕೆ."

ಅವಳು ತನ್ನ ಅಂಗೈಗಳನ್ನು ಮಡಿಲಲ್ಲಿಟ್ಟು ನೋಡಿಕೊಂಡಳು. ಆಮೇಲೆ, "ಮಮ್ಮಿ, ಐ ವಾಸ್ ಸಿಕ್ಸ್," ಎಂದಳು. ಅಷ್ಟೇ. ಅಳಲಿಲ್ಲ, ಕಿರುಚಲಿಲ್ಲ. ವಿಲ್ಸನ್ ಗಾಡಿಯ ವೇಗ ಇಳಿಸಿದರು. ಮನೆ ತಲುಪಿದ ಮೇಲೆ ಅವಳು ಕೇಳಿದ್ದು ಒಂದೇ — "ಅಜ್ಜಿಗೆ ಹೇಳಿ. ಎಲ್ಲರಿಗೂ ಹೇಳಿ." ಅಲ್ಲಿಯವರೆಗೆ ನನ್ನನ್ನು ನೀನು ಎನ್ನುತ್ತಿದ್ದ ಹುಡುಗಿ.

ಹೇಳಿದೆ. ಅತ್ತೆಗೆ ಸ್ಪೀಕರ್ ಹಾಕಿ, ರಿಯಾಳ ಎದುರಿನಲ್ಲೇ ಹೇಳಿದೆ. ಅವರು "ಸಾಯ್ಬಾ, ದೇವರೇ" ಎಂದು ಫೋನ್ ಇಟ್ಟರು. ಲವೀನಾಗೂ ಹೇಳಿದೆ. "ಗೊತ್ತಿತ್ತು ಅಕ್ಕ. ನೀವೇ ಹೇಳ್ತೀರಿ ಅಂತ ಕಾದೆ," ಎಂದಳು. ಇಷ್ಟು ವರ್ಷ ಅವಳು ಹಾಗೆ ಕಾದದ್ದು ಸರಿಯೋ ತಪ್ಪೋ — ಆ ಲೆಕ್ಕ ತೆಗೆಯಲು ನನಗೆ ಬಾಯಿಲ್ಲ. ನಿಮಗೆ ಇಷ್ಟೆಲ್ಲ ಹೇಳುತ್ತಿರುವುದೂ ಕ್ಷಮೆಗಾಗಿ ಅಲ್ಲ. ಎಲ್ಲರಿಗೂ ಎಂದು ರಿಯಾ ಹೇಳಿದ್ದಾಳೆ.

ಈ ವರ್ಷ ಮೊಂತಿ ಹಬ್ಬದ ಒಂಬತ್ತು ದಿನವೂ ತಾನು ದುಖಾನಿನಲ್ಲೇ ಇರುತ್ತೇನೆ ಎಂದಿದ್ದಾಳೆ ರಿಯಾ. ಅಲ್ಲಿಂದ ಸ್ಕೂಲಿಗೆ ದೂರವಾಗುತ್ತದೆ, ಐವನ್ ಅಂಕಲ್ ಬಿಡುತ್ತಾರಂತೆ. ನೀವೂ ಬನ್ನಿ ಎಂದು ನನ್ನನ್ನು ಕರೆಯಲಿಲ್ಲ. ಹೋಗು ಎಂದೆ. ಹಾಗೆನ್ನುವಾಗಲೂ ಹೊಟ್ಟೆಯೊಳಗೆ ಉರಿಯಿತು, ಈಗ ಇದನ್ನು ಬರೆಯುವಾಗಲೂ ಉರಿಯುತ್ತಿದೆ. ಈ ಸಲ ಅದನ್ನು ನಾನೊಬ್ಬಳೇ ಹೊರುತ್ತೇನೆ.