ಪಾಲಕರು ಬಂದರೆ ಎದ್ದು ನಿಲ್ಲುತ್ತಿದ್ದ ದೊಡ್ಡ ಸಿಸ್ಟರ್

ಹಿಂದಿನ ತಿಂಗಳು ಶಾಲೆಯ ಆಫೀಸಿನ ಹಳೆಯ ಕಬ್ಬಿಣದ ಬೀರು ಖಾಲಿ ಮಾಡಿಸುತ್ತಿದ್ದೆ. ಬಾಗಿಲು ತೆಗೆದ ಕೂಡಲೇ ಡಾಂಬರು ಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಹಾಜರಿ ಪುಸ್ತಕಗಳ ಅಡಿಯಲ್ಲಿ ಖಾಕಿ ರಟ್ಟಿನ ಉದ್ದನೆಯ ನೋಟ್‌ಬುಕ್ ಒಂದಿತ್ತು. ಮೇಲೆ ಗುಂಡಗಿನ ಅಕ್ಷರದಲ್ಲಿ ‘ಪಾಲಕರ ಮಾತು’ ಎಂದು ಬರೆದಿತ್ತು. ಆ ಅಕ್ಷರ ನೋಡಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ... ಅದು ನಮ್ಮ ದೊಡ್ಡ ಸಿಸ್ಟರ್ ಕೈಬರಹ.

ಹೊಸಪೇಟೆಯ ಈ ಕಾನ್ವೆಂಟ್ ಶಾಲೆಗೆ ನಾನು ಟೀಚರ್ ಆಗಿ ಸೇರಿದಾಗ ಅವರು ಇಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದರು. ಕರಾವಳಿ ಕಡೆಯವರು. ಬಂದ ಹೊಸದರಲ್ಲಿ ಪುಸ್ತಕದಂಥ ಕನ್ನಡ ಆಡುತ್ತಿದ್ದರಂತೆ. ನಾನು ನೋಡುವ ಹೊತ್ತಿಗೆ ‘ಬರ್ರಿ, ಕುಂದ್ರಿ’ ಎನ್ನುವುದನ್ನು ನಮಗಿಂತ ಚೆನ್ನಾಗಿ ಕಲಿತಿದ್ದರು.

ಆಗ ಕಾನ್ವೆಂಟ್ ಎಂದರೆ ಪಾಲಕರಿಗೆ ಹೆದರಿಕೆ. ಗೇಟಿನ ಹೊರಗೆ ಬಿಸಿಲಲ್ಲಿ ನಿಂತು, ಕರೆದರೆ ಒಳಗೆ ಬರಬೇಕಿತ್ತು. ದೊಡ್ಡ ಸಿಸ್ಟರ್ ಅದನ್ನು ಮುರಿದರು. ಗಣಿ ಮಾಲೀಕರು ಬರಲಿ, ಮಲಪನಗುಡಿಯಿಂದ ಹೊಲದ ಕೆಲಸ ಬಿಟ್ಟು ಬಂದ ತಾಯಿಯೇ ಬರಲಿ, ಎದ್ದು ನಿಲ್ಲುತ್ತಿದ್ದರು. ಕೂರಿಸಿ, ನೀರು ಕೊಟ್ಟು, ಮಾತು ಮುಗಿಯುವವರೆಗೆ ನಡುವೆ ಬಾಯಿ ಹಾಕದೆ ಕೇಳುತ್ತಿದ್ದರು. ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ: “ಇನ್ನೇನಾದ್ರೂ ಐತೇನ್ರಿ?”

“ಇದೇನು ಹೋಟೆಲ್ಲಾ ಸಿಸ್ಟರ್, ಬಂದವರಿಗೆಲ್ಲ ಎದ್ದು ನಿಲ್ಲೋಕೆ?” ಎಂದು ಹಿರಿಯ ಟೀಚರ್ ಒಬ್ಬರು ಗೊಣಗಿದ್ದರು.

ದೊಡ್ಡ ಸಿಸ್ಟರ್ ನಕ್ಕರು. “ಶಿಷ್ಯರ ಕಾಲು ತೊಳೆದ ಯೇಸುವಿನ ಹೆಸರಲ್ಲಿ ಶಾಲೆ ನಡೆಸ್ತೀವಿ. ಒಂದು ಕುರ್ಚಿ ಕೊಡೋಕೆ ಏನು ಕಷ್ಟ?”

ನನಗೂ ಇದು ಅತಿ ಅನ್ನಿಸುತ್ತಿತ್ತು, ನನ್ನ ಸರದಿ ಬರುವವರೆಗೆ.

ಅದು ನನ್ನ ಎರಡನೆಯ ವರ್ಷ. ಸಂಡೂರಿನ ರಸ್ತೆಯಲ್ಲಿ ಅದಿರಿನ ಲಾರಿಗಳು ಎಡೆಬಿಡದೆ ಓಡುತ್ತಿದ್ದ ಕಾಲ. ನಾಲ್ಕನೆಯ ಕ್ಲಾಸಿನಲ್ಲಿ ಸಂಡೂರಿನ ಲಾರಿ ಮಾಲೀಕರೊಬ್ಬರ ಮಗಳಿದ್ದಳು. ಒಂದು ದಿನ ಅವಳು ಒಂದೇ ಲೆಕ್ಕವನ್ನು ಮೂರನೆಯ ಸಲ ತಪ್ಪು ಮಾಡಿದಳು. ನನಗೆ ಸಿಟ್ಟು ನೆತ್ತಿಗೇರಿತು. ಪುಟ ಹರಿದು ಬುಟ್ಟಿಗೆ ಎಸೆದು, “ನಿಮ್ಮಪ್ಪನ ಹತ್ರ ಎಷ್ಟು ಲಾರಿ ಇದ್ರೇನು, ತಲೇಗೆ ಬುದ್ಧಿ ಕೊಂಡ್ಕೊಳ್ಳೋಕೆ ಆಗುತ್ತಾ?” ಎಂದುಬಿಟ್ಟೆ. ಇಡೀ ಕ್ಲಾಸು ನಕ್ಕಿತು.

ಮೂರು ದಿನ ಬಿಟ್ಟು ಅವಳ ತಂದೆ ಬಂದರು. ನಾನು ಪಕ್ಕದ ಕೋಣೆಯಲ್ಲಿದ್ದೆ. ಒಂದೊಂದು ಮಾತೂ ಕೇಳಿಸುತ್ತಿತ್ತು.

“ನೋಡ್ರಿ ಸಿಸ್ಟರ್, ಫೀಸ್ ಕಟ್ಟೋರು ನಾವು. ಆ ಟೀಚರ್ ನಾಳಿಂದ ಬ್ಯಾಡ. ನನ್ನ ಡ್ರೈವರ್ ಹಂಗ ಮಾತಾಡಿದ್ರ ಅವತ್ತ ತೆಗ್ದು ಹಾಕ್ತೀನಿ.”

ಸಿಸ್ಟರ್ ಸುಮ್ಮನೆ ಕೇಳಿದರು. ಆ ತಂದೆಯ ಕೂಗಾಟ ನಿಂತ ಮೇಲೆ, “ಇನ್ನೇನಾದ್ರೂ ಐತೇನ್ರಿ?” ಎಂದರು.

ಆಮೇಲೆ ಆ ಮನುಷ್ಯನ ದನಿಯೇ ಬೇರೆಯಾಯಿತು. “ಮೂರು ದಿನ ಆತ್ರಿ... ನನ್ನ ಮಗಳು ನೋಟ್‌ಬುಕ್ ಮುಟ್ಟಿಲ್ಲ.”

ಅವರು ಹೋದ ಮೇಲೆ ಸಿಸ್ಟರ್ ನನ್ನನ್ನು ಕರೆದು, “ನಿಜವೇನಮ್ಮಾ?” ಎಂದರು. ಹೌದೆಂದೆ. ಬೈಯಲಿಲ್ಲ. “ಶನಿವಾರ ಸಂಡೂರಿಗೆ ಹೋಗೋಣ” ಎಂದರು, ಅಷ್ಟೇ. ಕೆಲಸ ಹೋಯಿತು ಎಂದೇ ತಿಳಿದಿದ್ದೆ.

ಬಸ್ಸು ತುಂಬಿತ್ತು. ಕಿಟಕಿಯಿಂದ ಬಂದ ಕೆಂಪು ಧೂಳಿಗೆ ಅವರ ಬಿಳಿ ಉಡುಪು ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಹಾಗೇ ಹುಡುಗಿಯ ಮನೆಯ ಪಡಸಾಲೆಯಲ್ಲಿ ಹೋಗಿ ಕುಳಿತರು.

ತಂದೆ ಮತ್ತೆ ಅದನ್ನೇ ಕೇಳಿದರು. “ಟೀಚರ್‌ನ ತೆಗೀತೀರೋ ಇಲ್ಲೋ?”

“ತೆಗಿಯಂಗಿಲ್ರಿ. ನೀವು ಹೇಳಿದ ತಪ್ಪು ನೂರಕ್ಕೆ ನೂರು ನಿಜ, ಅದಕ್ಕೇ ಬಂದೀವಿ. ಆದ್ರ ತಪ್ಪು ಮಾಡಿದವರನ್ನೆಲ್ಲ ಹೊರಗೆ ಹಾಕಿದ್ರ ಅದು ಶಾಲೆ ಹೆಂಗಾಗ್ತದ್ರಿ? ಈಕೀನೂ ಕಲೀತಾಳ. ನಿಮಗ ಸಮಾಧಾನ ಆಗಲಿಲ್ಲಂದ್ರ ಟಿಸಿ ನಾನೇ ಬರ್ದು ಕೊಡ್ತೀನಿ. ಮೊದ್ಲು ಮಗೂನ ಕರೀರಿ.”

ಹುಡುಗಿ ಬಂದು ಬಾಗಿಲಿಗೆ ಒರಗಿ ನಿಂತಳು. ನಾನು ಅವಳ ಮುಂದೆ ಮೊಣಕಾಲೂರಿ, “ನಾನು ಅಂದದ್ದು ತಪ್ಪು. ನಿನ್ನ ಪುಟ ಹರಿದದ್ದೂ ತಪ್ಪು” ಎಂದೆ.

“ಮಿಸ್, ಆ ಪುಟದ ಹಿಂದ ನಾ ನವಿಲಿನ ಚಿತ್ರ ತಗದಿದ್ದೆ.”

ಪುಟದ ಹಿಂದೆ ಏನಿದೆ ಎಂದು ನಾನು ತಿರುಗಿಸಿಯೂ ನೋಡಿರಲಿಲ್ಲ... ಇನ್ನೊಂದು ತೆಗೆಯುತ್ತೀಯಾ ಎಂದು ಕೇಳಿದೆ. “ನೀವೂ ತಗೀಬೇಕು” ಎಂದಳು. ಇಬ್ಬರೂ ನೆಲದ ಮೇಲೆ ಕುಳಿತೆವು. ನನ್ನ ನವಿಲು ಕೋಳಿಯಂತೆ ಬಂತು. ಅವಳು ಕಿಲಕಿಲ ನಕ್ಕಳು. ತಲೆಯೆತ್ತಿದರೆ ಅವಳ ತಂದೆ ಚಹದ ತಟ್ಟೆ ಹಿಡಿದು ನಿಂತಿದ್ದರು.

“ಸೋಮವಾರ ಕಳಿಸ್ತೀನಿ ಬಿಡ್ರಿ” ಎಂದರು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅತ್ತುಬಿಟ್ಟೆ. “ನನ್ನಿಂದ ನೀವು ಅವರ ಮನೇಲಿ ತಲೆ ತಗ್ಗಿಸಬೇಕಾಯ್ತು ಸಿಸ್ಟರ್” ಎಂದೆ.

“ತಗ್ಗಿಸಿದ್ದು ಎಲ್ಲಿ? ನೆಟ್ಟಗೇ ಕೂತಿದ್ದೆನಲ್ಲ” ಎಂದರು.

ಆ ತಂದೆ ಆಮೇಲೂ ದೂರು ತರುವುದನ್ನು ಬಿಡಲಿಲ್ಲ. ಬಸ್ಸು ತಡ, ನೀರಿನ ನಲ್ಲಿ ಸರಿಯಿಲ್ಲ... ಸಿಸ್ಟರ್ ಪ್ರತಿ ಸಲವೂ ಎದ್ದು ನಿಂತರು, ನಲ್ಲಿಯನ್ನು ಸರಿಮಾಡಿಸಿದರು. ಹುಡುಗಿ ಹತ್ತನೆಯ ಕ್ಲಾಸು ಮುಗಿಸಿ ಹೋಗುವ ದಿನ ಅವಳ ತಂದೆ ಬಂದು, ನನಗೆ ಕೈ ಮುಗಿದು ಹೋದರು.

ನೋಟ್‌ಬುಕ್ಕಿನಲ್ಲಿ ಆ ದಿನದ ಪುಟ ಹುಡುಕಿದೆ. ಕೂಗಾಟ, ಬೆದರಿಕೆ ಯಾವುದೂ ಇರಲಿಲ್ಲ. ನನ್ನ ಹೆಸರೂ ಇರಲಿಲ್ಲ. ‘ಮಗಳು ಮೂರು ದಿನದಿಂದ ನೋಟ್‌ಬುಕ್ ಮುಟ್ಟಿಲ್ಲ’ ಎಂದಷ್ಟೇ ಬರೆದಿದ್ದರು. ಕೆಳಗೆ ಬೇರೆ ಶಾಯಿಯಲ್ಲಿ: ‘ಸೋಮವಾರ ಬರೆದಳು.’

ಈಗ ಹೆಡ್‌ಮಿಸ್ಟ್ರೆಸ್ ಕುರ್ಚಿಯಲ್ಲಿ ನಾನಿದ್ದೇನೆ. ಪಾಲಕರು ಗೇಟಿಗೆ ಬರುವುದು ಕಡಿಮೆ. ವಾಟ್ಸಾಪಿನಲ್ಲೇ ಸಿಟ್ಟು, ಇಂಟರ್ನೆಟ್ಟಿನಲ್ಲಿ ಶಾಲೆಗೆ ಸ್ಟಾರು. ಗಂಟೆಯೊಳಗೆ ಉತ್ತರ ಬೇಕು. ನಮ್ಮ ಟೀಚರ್‌ಗಳು ಅಂಜುವುದಿಲ್ಲ, ಎದುರು ಮಾತೂ ಆಡುವುದಿಲ್ಲ. ಕಳೆದ ವಾರ ಕಂಪ್ಲಿಯ ತಾಯಿಯೊಬ್ಬಳು ಫೋನಿನಲ್ಲಿ ಹರಿಹಾಯುತ್ತಿದ್ದಾಗ, ಕೆಲಸಕ್ಕೆ ಸೇರಿ ಆರು ತಿಂಗಳಾಗದ ಹುಡುಗಿ ತಾಳ್ಮೆಯಿಂದ ಕೇಳಿ, “ಇನ್ನೇನಾದ್ರೂ ಐತೇನ್ರಿ ಅಕ್ಕಾ?” ಎಂದಳು. ಅವಳು ದೊಡ್ಡ ಸಿಸ್ಟರನ್ನು ನೋಡಿದವಳೇ ಅಲ್ಲ.

ಮೊನ್ನೆ ಪಾಲಕರೊಂದಿಗೆ ವ್ಯವಹರಿಸುವ ಬಗ್ಗೆ ತರಬೇತಿ ಕೊಡಲು ಬೆಂಗಳೂರಿನಿಂದ ಒಬ್ಬರು ಬಂದಿದ್ದರು. ಅರ್ಧ ದಿನವಾದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ, “ಇದೆಲ್ಲ ನಿಮಗೆ ಮೊದಲೇ ಗೊತ್ತಿದೆಯಲ್ಲ ಮೇಡಂ, ಯಾರು ಕಲಿಸಿದ್ದು?” ಎಂದು ಕೇಳಿದರು. ದೊಡ್ಡ ಸಿಸ್ಟರ್ ಬಗ್ಗೆ ಹೇಳಿದೆ. ಅವರು ಹುರುಪಿನಿಂದ ಪೆನ್ನು ತೆಗೆದು, “ಅವರ ನಂಬರ್ ಕೊಡಿ, ಬೇರೆ ಶಾಲೆಗಳಿಗೂ ಕರೆಸೋಣ” ಎಂದರು.

ಅವರು ತೀರಿಹೋಗಿ ನಾಲ್ಕು ವರ್ಷವಾಯಿತು ಎಂದೆ. ದೂರದ ಕಾನ್ವೆಂಟೊಂದರಲ್ಲಿ ಅವರನ್ನು ಮಣ್ಣು ಮಾಡಿದ ಮೇಲೆ ನನಗೆ ಸುದ್ದಿ ಬಂದಿತ್ತು...

ಆ ಮನುಷ್ಯ ಪೆನ್ನು ಜೇಬಿಗೆ ಸೇರಿಸಿ, ಕುರ್ಚಿಯಿಂದ ಎದ್ದು ನಿಂತರು.