ಬೆವರು ನಿಂತ ಮೇಲೆ ತೊಡಿಸಿದ ಬಳೆ

ಅರಸೀಕೆರೆಯ ಬಳೆ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದ ನನಗೆ ಬಳೆ ತೊಡಿಸುವುದೊಂದು ಬಿಟ್ಟು ಉಳಿದೆಲ್ಲ ಕೆಲಸ ಬರುತ್ತಿತ್ತು. ಚಿಕ್ಕಂದಿನಿಂದಲೂ ನನ್ನ ಅಂಗೈ, ಅಂಗಾಲು ಸದಾ ಬೆವರುತ್ತಿದ್ದವು. ಚಳಿಗಾಲದಲ್ಲೂ ಬೆರಳ ತುದಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಪರೀಕ್ಷೆಗಳನ್ನೆಲ್ಲ ಕೈಯಡಿ ಕರವಸ್ತ್ರ ಹಾಸಿಕೊಂಡೇ ಬರೆದವಳು ನಾನು.

ಗಾಜಿನ ಬಳೆ ತೊಡಿಸುವಾಗ ಎದುರಿನವರ ಹೆಬ್ಬೆರಳನ್ನು ಒಳಕ್ಕೆ ಮಡಿಸಿ, ಗೆಣ್ಣುಗಳನ್ನು ಒತ್ತಿ ಹಿಡಿಯಬೇಕು. ನನ್ನ ಹಿಡಿತ ಜಾರಿ ಬಳೆ ಒಡೆಯುತ್ತಿತ್ತು. ಒಮ್ಮೆ ಮದುವಣಗಿತ್ತಿಯೊಬ್ಬಳು ಕೈ ಎಳೆದುಕೊಂಡು, "ಇವ್ರ ಕೈಯೆಲ್ಲಾ ಒದ್ದೆ, ನೀವೇ ಹಾಕಿ" ಎಂದು ಅತ್ತೆಯ ಕಡೆ ತಿರುಗಿದಳು. ಅಂದಿನಿಂದ ನಾನು ಡಬ್ಬಿ ಎತ್ತಿಕೊಡಲಷ್ಟೇ ನಿಂತೆ.

ಅತ್ತೆ ಆಗ ಆ ಮದುವಣಗಿತ್ತಿಗೆ ತಾವೇ ಬಳೆ ತೊಡಿಸಿ ಕಳಿಸಿದರು. ಆದರೆ ತಮ್ಮ ಮಂಡಿನೋವಿಗೆಂದು ಹಾಸನಕ್ಕೆ ಹೋದ ದಿನ, ಜೊತೆಗಿದ್ದ ನನ್ನ ಕೈ ಹಿಡಿದು ಡಾಕ್ಟರ ಮೇಜಿನ ಮೇಲಿಟ್ಟರು.

"ಮೊದ್ಲು ಇದನ್ನ ನೋಡಿ ಸ್ವಾಮಿ. ನನ್ನ ಮಂಡಿ ಎಲ್ಗೂ ಓಡೋಗಾಕಿಲ್ಲ."

ಡಾಕ್ಟರು ನಕ್ಕು ಚರ್ಮದ ಡಾಕ್ಟರಿಗೆ ಚೀಟಿ ಬರೆದುಕೊಟ್ಟರು. ತಿಂಗಳುಗಟ್ಟಲೆ ಮುಲಾಮು ಹಚ್ಚಿದೆ, ಮಾತ್ರೆ ನುಂಗಿದೆ. ಬೆವರು ನಿಲ್ಲಲಿಲ್ಲ. ಕೊನೆಗೆ ಶಸ್ತ್ರಚಿಕಿತ್ಸೆ ಮಾಡುವ ಡಾಕ್ಟರಮ್ಮ ಬಿಡಿಸಿ ಹೇಳಿದರು. ಕಂಕುಳ ಕೆಳಗೆ ಸಣ್ಣ ರಂಧ್ರ ಮಾಡಿ, ಕ್ಯಾಮೆರಾ ಇಳಿಸಿ, ಕೈ ಬೆವರಿಸುವ ನರವನ್ನು ಎದೆಯೊಳಗೇ ಕತ್ತರಿಸುತ್ತಾರಂತೆ. ಆಮೇಲೆ ಬೆನ್ನು, ಹೊಟ್ಟೆ ಹೆಚ್ಚು ಬೆವರಬಹುದು, ಪಾದದ ಬಗ್ಗೆ ಮಾತು ಕೊಡಲಾರೆ, ಕತ್ತರಿಸಿದ ಮೇಲೆ ಮತ್ತೆ ಮೊದಲಿನಂತೆ ಮಾಡಲಾಗದು ಎಂದೂ ಎಚ್ಚರಿಸಿದರು. ಒಂದು ವಾರ ಯೋಚಿಸಿ ಒಪ್ಪಿಕೊಂಡೆ.

ಎಚ್ಚರವಾದಾಗ ಉಸಿರೆಳೆದರೆ ಎದೆ ಚುಚ್ಚುತ್ತಿತ್ತು. ಮೆಲ್ಲನೆ ಒಂದು ಅಂಗೈಯಿಂದ ಇನ್ನೊಂದನ್ನು ಸವರಿದೆ. ಒಣಗಿತ್ತು! ನಂಬಿಕೆಯಾಗದೆ ಪಕ್ಕದಲ್ಲಿ ಕೂತಿದ್ದ ಅತ್ತೆಯ ಕೆನ್ನೆ ಮುಟ್ಟಿದೆ.

"ಅಯ್ಯೋ, ಬೆಚ್ಚಗೈತೆ ಕಣೇ!" ಎಂದು ಅವರು ವಾರ್ಡಿಗೆಲ್ಲ ಕೇಳುವಂತೆ ಕೂಗಿ ನರ್ಸ್ ಹತ್ತಿರ ಬೈಸಿಕೊಂಡರು.

ಗಾಯ ಮಾಯ್ದ ಮೇಲೆ ಅತ್ತೆ ತಮ್ಮ ಕೈಯನ್ನೇ ನನಗೆ ಅಭ್ಯಾಸಕ್ಕೆ ಕೊಟ್ಟರು. ಮೊದಲ ದಿನ ನಾಲ್ಕು ಬಳೆ ಒಡೆದೆ. "ಒಡೀಲಿ ಬಿಡು, ಅಂಗ್ಡಿ ತುಂಬಾ ಅವೆ" ಎಂದರು. ಕೆಲವು ದಿನ ಕಳೆದು ಗಂಡಸಿಯಿಂದ ಒಬ್ಬ ಬಸುರಿ ಸೀಮಂತಕ್ಕೆ ಹಸಿರು ಬಳೆ ತೊಟ್ಟುಕೊಳ್ಳಲು ಬಂದಳು. ಅವಳ ಕೈ ಕೊಂಚ ಊದಿಕೊಂಡಿತ್ತು. ಅತ್ತೆ ಬೇಕೆಂದೇ ಎದ್ದು ಒಳಗೆ ಹೋದರು. ನಾನು ಅವಳ ಬೆರಳುಗಳನ್ನು ಒಂದೊಂದಾಗಿ ನೀವಿ, ಒತ್ತಿ, ಎರಡು ಡಜನ್ ತೊಡಿಸಿದೆ. ಒಂದೂ ಒಡೆಯಲಿಲ್ಲ.

"ಒಂಚೂರೂ ನೋಯ್ಲಿಲ್ಲ ಕಣಕ್ಕ" ಎಂದು ಅವಳು ಎರಡೂ ಕೈ ಅಲ್ಲಾಡಿಸಿ ಗಲಗಲ ಸದ್ದು ಮಾಡಿದಳು. ಒಳಗಿನಿಂದ ಅತ್ತೆಯ ನಗು ಕೇಳಿಸಿತು.

ಡಾಕ್ಟರಮ್ಮ ಹೇಳಿದ್ದು ಸುಳ್ಳಾಗಲಿಲ್ಲ. ಈಗ ಬೇಸಿಗೆಯಲ್ಲಿ ಬೆನ್ನು ತೊಯ್ದು ದಿನಕ್ಕೆ ಎರಡು ರವಿಕೆ ಬದಲಿಸುತ್ತೇನೆ. ಪಾದದ ಬೆವರು ಅರ್ಧ ಮಾತ್ರ ಇಳಿದಿದೆ. ಹಳೇಬೀಡಿಗೆ ಹೋಗಿದ್ದಾಗ ದೇವಸ್ಥಾನದ ಕಲ್ಲಿನ ಮೇಲೆ ನನ್ನ ಒದ್ದೆ ಹೆಜ್ಜೆ ಮೂಡುತ್ತಲೇ ಇತ್ತು. ನನ್ನವರು ಅದನ್ನು ತೋರಿಸಿ ಕೀಟಲೆ ಮಾಡಿದರು. ಅಲ್ಲಿಂದ ಹೊರಬಂದು ಕೆರೆ ಏರಿಯ ಮೇಲೆ ನಡೆಯುವಾಗ ನಾನಾಗಿಯೇ ಅವರ ಕೈ ಹಿಡಿದೆ. ಮದುವೆಯಾಗಿ ಆರು ವರ್ಷವಾದರೂ ಹಾಗೆ ಹಿಡಿದಿರಲಿಲ್ಲ.

"ಜನ ನೋಡ್ತಾರೆ ಕಣೇ" ಎಂದರು.

"ನೋಡ್ಲಿ ಬಿಡ್ರೀ" ಎಂದೆ.