ಮಾರಲು ಹೋಗಿ ಮಾರದೆ ಬರುವ ಉಂಗುರ

ಬೆಳಗಾವಿಯ ತರಕಾರಿ ಗಾಡಿ ಗೋವೆಯ ಫೋಂಡಾ ಮಾರುಕಟ್ಟೆಗೆ ಬಂದು ನಿಂತಾಗ ಇನ್ನೂ ಪೂರ್ತಿ ಬೆಳಕು ಹರಿದಿರುವುದಿಲ್ಲ. ರಮಜಾನಬಿ ಮೆಂತ್ಯ, ಪಾಲಕ, ಕೊತ್ತಂಬರಿಯ ಕಟ್ಟುಗಳನ್ನು ಆರಿಸಿಕೊಂಡು, ಜೆರಾಕ್ಸ್ ಅಂಗಡಿಯ ಮುಚ್ಚಿದ ಶಟರಿನ ಮುಂದೆ ಗೋಣಿಚೀಲ ಹಾಸುತ್ತಾರೆ. ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಿಂದ ಸೊಪ್ಪಿಗೆ ನೀರು ಚಿಮುಕಿಸುತ್ತಾರೆ. ಉಳಿದ ನೀರನ್ನು ರಸ್ತೆ ದಾಟಿ, ಎದುರಿನ ಚಿನ್ನದಂಗಡಿಯ ಮೆಟ್ಟಿಲ ಮೇಲಿನ ಹೂಕುಂಡಗಳಿಗೆ ಹಾಕಿ ಬರುತ್ತಾರೆ. ಆ ಕುಂಡಗಳನ್ನು ಅಲ್ಲಿ ಇಟ್ಟಿದ್ದೇ ರಮಜಾನಬಿ ಅಲ್ಲಿ ಕೂರಬಾರದೆಂದು.

"ಗಿಡದ್ದೇನ ತಪ್ಪ ಐತ್ರಿ," ಎನ್ನುತ್ತಾರೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತ.

ಹೋದ ತಿಂಗಳವರೆಗೂ ಅವರ ಜಾಗ ಆ ಮೆಟ್ಟಿಲೇ ಆಗಿತ್ತು. ಅಂಗಡಿಯ ಹಿರಿಯ ಶೇಟರು ಕೊಟ್ಟದ್ದು, ಬಾಡಿಗೆ ಕೇಳಿದವರಲ್ಲ. ಮಳೆಗೆ ಸೂರು, ಬಿಸಿಲಿಗೆ ನೆರಳು, ಎದ್ದು ಹೋದರೆ ಸೊಪ್ಪಿಗೆ ಕಾವಲು. ಬೀದಿಯಲ್ಲಿ ಮಾರುವವರಿಗೆ ಇದಕ್ಕಿಂತ ದೊಡ್ಡ ಜಹಗೀರು ಬೇಕೇ?

ಸೊಪ್ಪು ಅವರ ಹೊಟ್ಟೆಪಾಡು. ಅವರ ಹೆಸರು ಗೊತ್ತಿರುವುದು ಇನ್ನೊಂದು ಕೆಲಸಕ್ಕೆ. ಸಾಂಖಳಿಯಿಂದ ಮೊಲೆಂವರೆಗೆ ಗಾರೆ ಕೆಲಸ, ಲಾರಿ ಕೆಲಸಕ್ಕೆ ಬಂದ ನಮ್ಮ ಕಡೆಯ ಮಂದಿ ಮದುವೆಗೆ ಚಿನ್ನ ಕೊಳ್ಳಬೇಕಾದರೆ, ಹಳೆಯದನ್ನು ಮುರಿಸಿ ಹೊಸದು ಮಾಡಿಸಬೇಕಾದರೆ, ಮೊದಲು ರಮಜಾನಬಿಯನ್ನು ಹುಡುಕಿಕೊಂಡು ಬರುತ್ತಾರೆ. ಯಾವ ಅಂಗಡಿಗೆ ಹೋಗೋಣ ಎಂಬ ಪ್ರಶ್ನೆಗೆ ಅವರು ಕೂತಲ್ಲೇ ಉತ್ತರ ಹೇಳುವುದಿಲ್ಲ. ಬೆರಳಿನ ಸಣ್ಣ ಉಂಗುರ ತೆಗೆದು, ಮಾರಲು ಬಂದವರಂತೆ ಮೊದಲು ತಾವೇ ಅಂಗಡಿ ಹತ್ತುತ್ತಾರೆ.

"ಕೊಳ್ಳಾಕ ಹೋದ್ರ ಎಲ್ಲಾರೂ ಚಲೋನ ಇರತಾರ್ರಿ. ಕುರ್ಚಿ ಕೊಡತಾರ, ಥಂಡಾ ಕೊಡತಾರ. ಮಾರಾಕ ಹೋಗಿ ನೋಡ್ರಿ, ಆಗ ತಿಳೀತೈತಿ. ಕಣ್ಣ ಮುಂದ ಒರಿಗಲ್ಲಿಗೆ ತಿಕ್ಕಿದ್ರ ಆ ಅಂಗಡಿ ಖರೇ. ಪಡದಾದ ಹಿಂದ ಒಯ್ದ್ರ, ನಾ ಎದ್ದ ಬರತೇನಿ."

ಹಾಲ್‌ಮಾರ್ಕ್ ಬಂದ ಮೇಲೆ ಹೊಸ ಒಡವೆಯ ಚಿಂತೆ ಕಡಿಮೆಯಾಗಿದೆ. ಊರಿನ ಪತ್ತಾರ ಮಾಡಿಕೊಟ್ಟ ಹಳೆಯ ಒಡವೆಗೆ ಯಾವ ಮಾರ್ಕು? ಕೊರಳ ಸರ ಬೋರಮಾಳದ ಪೊಳ್ಳು ಗುಂಡುಗಳ ಒಳಗೆ ಅರಗು ತುಂಬಿರುತ್ತದೆ. ಅರಗೆಷ್ಟು, ಬಂಗಾರವೆಷ್ಟು ಎಂಬುದು ಒಡೆದಾಗಲೇ ಗೊತ್ತು. ವಜ್ರದ ಮೂಗುತಿ ಕೇಳಿ ಬಂದವರಿಗೆ ಮಾತ್ರ ರಮಜಾನಬಿ ಕೈ ಮುಗಿಯುತ್ತಾರೆ: "ಅದು ನನಗ ತಿಳಿಯೂದಿಲ್ರಿ. ಸರ್ಟಿಫಿಕೇಟ್ ಕೇಳ್ರಿ, ತಿರುಗಿ ತಗೋತೇವಿ ಅಂತ ಬರಿಸ್ಕೊಳ್ರಿ."

ಈ ಹಟ ಸುಮ್ಮನೆ ಬಂದದ್ದಲ್ಲ. ಸಿಂದಗಿ ಕಡೆಯಿಂದ ಬಂದ ಗಂಡ ಇಸ್ಮಾಯಿಲ ಸಾಂಖಳಿಯಲ್ಲಿ ಅದಿರಿನ ಲಾರಿ ಓಡಿಸುತ್ತಿದ್ದರು. ಗಣಿ ನಿಂತಿತು, ಹಿಂದೆಯೇ ಅವರು ಹಾಸಿಗೆ ಹಿಡಿದರು. ಆಸ್ಪತ್ರೆಗೆಂದು ರಮಜಾನಬಿ ತಮ್ಮ ಬೋರಮಾಳವನ್ನು ಒಂದು ಅಂಗಡಿಗೆ ಕೊಟ್ಟರು. ಸರ ಪರದೆಯ ಹಿಂದೆ ಹೋಯಿತು, ಚಿಟಿಕೆಯಷ್ಟಾಗಿ ಹೊರಗೆ ಬಂತು. ಉಳಿದದ್ದೆಲ್ಲ ಅರಗು ಎಂದರು. ಕೊಂಕಣಿ ಬಾರದ ಹೆಂಗಸು ಏನು ಕೇಳಿಯಾಳು? ಇಸ್ಮಾಯಿಲ ಉಳಿಯಲಿಲ್ಲ. "ಖರೇನ ಅರಗ ಇತ್ತೋ ಏನೋ. ನಾ ನೋಡಲಿಲ್ಲಲ್ಲ, ಅದ ಇನ್ನೂ ಚುಚ್ಚತೈತಿ," ಎನ್ನುತ್ತಾರೆ.

ಅಕ್ಕಸಾಲಿ ಅಕ್ಕನ ಚಿನ್ನವನ್ನೂ ಬಿಡ ಎಂಬ ಗಾದೆಯನ್ನು ಅವರು ಒಪ್ಪುವುದಿಲ್ಲ. ಹಿರಿಯ ಶೇಟರು ಗಿರಾಕಿಯ ಎದುರಿಗೇ ಒಂದು ಗುಂಡು ಒಡೆದು ತೋರಿಸುತ್ತಿದ್ದರು. ಅದಕ್ಕೇ ವರ್ಷಗಟ್ಟಲೆ ಜನರನ್ನು ಅಲ್ಲಿಗೇ ಕರೆದೊಯ್ದದ್ದು. ಕಮಿಷನ್ ಮುಟ್ಟಿದವರಲ್ಲ. ಮದುವೆ ಮನೆಯವರು ಒಂದು ಡಬ್ಬಿ ಸಿಹಿ ಮಾದಲಿ ತಂದುಕೊಟ್ಟರೆ ಅದೇ ಸಂಭಾವನೆ.

ಹೋದ ತಿಂಗಳು ಗಾರೆ ಮೇಸ್ತ್ರಿ ಕಂಠೆಪ್ಪ ಮಗಳು ಜಯಶ್ರೀಯ ಮದುವೆಗೆಂದು ತಮ್ಮ ತಾಯಿ ಫಕೀರವ್ವನ ಬೋರಮಾಳ ತಂದರು. ಮುದುಕಿಯೂ ಜೊತೆಗಿದ್ದರು. ರಮಜಾನಬಿ ಎಂದಿನಂತೆ ಅವರನ್ನು ಶೇಟರ ಅಂಗಡಿಗೇ ಕರೆದೊಯ್ದರು. ಶೇಟರು ಮಂಡಿನೋವಿನಿಂದ ಮನೆಯಲ್ಲಿದ್ದು, ಗಲ್ಲಾಪೆಟ್ಟಿಗೆಯ ಮುಂದೆ ಅವರ ಮಗ ಕೂತಿದ್ದರು. ಚಹಾ ಬಂತು. ಸರ ಕೈಗೆತ್ತಿಕೊಂಡ ಮಗ ಪರದೆಯತ್ತ ಹೊರಟರು.

"ಇಲ್ಲೇ ಒಡೀರಿ," ಎಂದರು ರಮಜಾನಬಿ.

ಬೆಂಕಿ ಇರುವುದು ಒಳಗೆ, ಈಗ ಪದ್ಧತಿ ಬದಲಾಗಿದೆ ಎಂದರು ಮಗ. ಆಮೇಲೆ ಕೊಂಕಣಿಯಲ್ಲಿ, ನಮ್ಮ ಮೆಟ್ಟಿಲ ಮೇಲೆ ಕೂತು ನಮ್ಮನ್ನೇ ನಂಬುವುದಿಲ್ಲವೇ ಮಾವಶಿ ಎಂದು ಕೇಳಿದರು. ರಮಜಾನಬಿ ಸರ ವಾಪಸು ಇಸಿದುಕೊಂಡು, ಚಹಾ ಕುಡಿಯದೆ ಎದ್ದರು. ಕಂಠೆಪ್ಪನಿಗೆ ಸಂಕಟ: "ಅಕ್ಕಾ, ನಮ್ಮ ಸಲುವಾಗಿ ನಿಮ್ಮ ಜಾಗಾ ಹೋಗತೈತಿ. ಕುಂದರ್ರಿ."

"ಜಾಗಾ ನಂದು, ಸರ ನಿಮ್ಮವ್ವಂದು. ನಡೀ ತಮ್ಮಾ."

ಹಿಂದಿನ ಓಣಿಯ ಸಣ್ಣ ಅಂಗಡಿಯ ಮುದುಕ, ರಮಜಾನಬಿಯ ಉಂಗುರವನ್ನು ಮೊದಲು ಎಲ್ಲರೆದುರೇ ಒರೆಗೆ ಹಚ್ಚಿದ. ಆಮೇಲೆ ಬೋರಮಾಳದ ಗುಂಡು ಒಡೆದ. ಸರದಲ್ಲಿ ಬಂಗಾರ ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ ಇತ್ತು. ಎದುರಿಗೇ ಬಿದ್ದ ಕಪ್ಪು ಅರಗಿನ ಚೂರನ್ನು ಫಕೀರವ್ವ ಬೆರಳಲ್ಲಿ ಹೊಸಕಿ ನೋಡಿದರು. "ಕಡಿಮಿ ಬಂತು ಖರೇ. ಆದ್ರ ಯಾರೂ ತಿಂದಿಲ್ಲ," ಎಂದರು.

ಮರುದಿನ ಮೆಟ್ಟಿಲ ಮೇಲೆ ಹೂಕುಂಡಗಳು ಬಂದವು. ಅಂದಿನಿಂದ ರಮಜಾನಬಿಗೆ ಬಿಸಿಲೇ ಸೂರು. ಜೆರಾಕ್ಸ್ ಅಂಗಡಿ ತೆರೆಯುವ ಹೊತ್ತಿಗೆ ಎದ್ದು ಬೇರೆ ನೆರಳು ಹುಡುಕಬೇಕು, ಅಷ್ಟರಲ್ಲಿ ಸೊಪ್ಪು ಬಾಡಿರುತ್ತದೆ. ಶೇಟರ ಮಗ ಮೋಸ ಮಾಡುತ್ತಿದ್ದರೇ ಎಂದು ಕೇಳಿದರೆ ಅವರು ಅಡ್ಡಡ್ಡ ತಲೆಯಾಡಿಸುತ್ತಾರೆ.

"ಹಂಗ ಅನ್ನೂದಿಲ್ರಿ. ನಾ ನೋಡಿಲ್ಲ. ನೋಡಲಾರದ್ದಕ್ಕ ಚಲೋ ಅನ್ನಾಕೂ ಬರೂದಿಲ್ಲ."

ಮೆಟ್ಟಿಲು ಮತ್ತೆ ಸಿಗಲಿ ಎಂಬ ಆಸೆ ಇಲ್ಲವೇ? ರಮಜಾನಬಿ ಬೆರಳಿನ ಉಂಗುರವನ್ನು ಒಂದು ಸುತ್ತು ತಿರುಗಿಸಿ, ರಸ್ತೆಯಾಚೆ ಈಗಷ್ಟೇ ಏಳುತ್ತಿರುವ ಶಟರನ್ನು ನೋಡುತ್ತಾರೆ.

"ಐತ್ರಿ, ಯಾಕಿಲ್ಲ. ದೀಪಾವಳಿ ಗದ್ದಲಾ ಮುಗದ ಮ್ಯಾಲ ಆ ಅಂಗಡಿಗೂ ಉಂಗುರಾ ಮಾರಾಕ ಹೋಗಾಕಿ ನಾ. ಕಣ್ಣ ಮುಂದ ತಿಕ್ಕಿದ್ರ, ಮರುದಿನಾನ ಮಂದೀನ ಅಲ್ಲೇ ಕರ್ಕೊಂಡ ಹೋಗತೇನಿ. ಮೆಟ್ಟಿಲ ಕೊಟ್ರೂ ಅಷ್ಟ, ಕೊಡಲಿಲ್ಲಂದ್ರೂ ಅಷ್ಟ."